ನೀಲಿ ಜಾಕೆಟ್ ಇನ್ನು ಮುಂದೆ ಕಂದು ಬಣ್ಣದಲ್ಲಿ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಹುಬ್ಬಳ್ಳಿ

ಮಾನ್ಯ ಗ್ರಾಹಕರೇ,

ನಮ್ಮ ಹೊಲಿಗೆ ಸಹಕಾರಿಯಲ್ಲಿ ತಾವು ಈ ಹಿಂದೆ ಹೊಲಿಸಿಕೊಂಡ, ಅಥವಾ ಈಗ ಮುಂಗಡ ಕೊಟ್ಟು ಕಾಯುತ್ತಿರುವ ಹಿಮದ ಜಾಕೆಟ್‌ನ ಬಣ್ಣವನ್ನು ನಾವು ಬದಲಿಸುತ್ತಿದ್ದೇವೆ. 1980ರಲ್ಲಿ ತೆರೆಕಂಡ, ‘ಸ್ಟಾರ್ ವಾರ್ಸ್’ ಸರಣಿಯ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದ ಹಿಮದ ದೃಶ್ಯಗಳಲ್ಲಿ ಹಾನ್ ಸೋಲೋ ಪಾತ್ರ ತೊಡುವ, ತಲೆಗವಸಿನ ಅಂಚಿಗೆ ತುಪ್ಪಳವಿರುವ ಆ ದಪ್ಪ ಜಾಕೆಟನ್ನು ನಾವು ಇಲ್ಲಿಯವರೆಗೆ ಕಡುನೀಲಿ ಅರಿವೆಯಲ್ಲಿಯೇ ಹೊಲಿದು ಕೊಟ್ಟಿದ್ದೇವೆ. ಚಿತ್ರೀಕರಣಕ್ಕೆ ಬಳಸಿದ ಮೂಲ ಜಾಕೆಟ್ ಕಂದು ಬಣ್ಣದ್ದು. ನಿರ್ಮಾಣ ಸಂಸ್ಥೆಯ ಸಂಗ್ರಹದಲ್ಲಿ ಅದು ಕಂದಾಗಿಯೇ ಇದೆ. ನೀಲಿಯಾಗಿ ಕಂಡದ್ದು ಪರದೆಯ ಮೇಲೆ ಮಾತ್ರ.

ಈ ವಿಷಯವನ್ನು ನಮ್ಮ ಗಮನಕ್ಕೆ ತಂದವರು ಧಾರವಾಡದ ಒಬ್ಬ ಗ್ರಾಹಕರು. ನಮ್ಮ ಜಾಕೆಟ್ ತೊಟ್ಟು ಬೆಂಗಳೂರಿನ ಕಾಮಿಕ್ ಕಾನ್‌ಗೆ (ಕಾಮಿಕ್ಸ್, ಸಿನಿಮಾ ಅಭಿಮಾನಿಗಳು ಪಾತ್ರಗಳ ವೇಷ ತೊಟ್ಟು ಸೇರುವ ಮೇಳಕ್ಕೆ) ಹೋಗಿ ಬಂದ ಅವರು, ‘ಹೊಲಿಗೆ ಚಲೋ ಐತಿ, ಬಣ್ಣ ತಪ್ಪೈತಿ’ ಎಂದು ಅಲ್ಲಿ ಹೇಳಿಸಿಕೊಂಡದ್ದನ್ನು ನಗುತ್ತಲೇ ನಮಗೆ ತಿಳಿಸಿದರು. ನಮಗೆ ಮೊದಲು ಸಿಟ್ಟು ಬಂತೆಂಬುದನ್ನು ಒಪ್ಪಿಕೊಳ್ಳಬೇಕು. ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸಿ, ಪರದೆಯ ಪಕ್ಕಕ್ಕೆ ಅರಿವೆಯ ತುಂಡು ಹಿಡಿದು ಹಿಡಿದು ಆರಿಸಿದ ಬಣ್ಣ ಅದು. ಸಾಲದ್ದಕ್ಕೆ, ಚಿತ್ರ ಬಂದ ಕಾಲದಲ್ಲಿ ಕೆನ್ನರ್ ಕಂಪನಿ ತಯಾರಿಸಿದ ಇದೇ ಪಾತ್ರದ ಆಟಿಕೆಗೊಂಬೆಯ ಕೋಟೂ ನೀಲಿಯೇ ಆಗಿತ್ತು. ಪರದೆಯೂ ಗೊಂಬೆಯೂ ಒಂದೇ ಮಾತು ಹೇಳುತ್ತಿರುವಾಗ ಸಂಶಯಪಡಲು ನಮಗೆ ಕಾರಣ ಕಾಣಲಿಲ್ಲ.

ಆದರೆ ಅರಿವೆಯ ವ್ಯಾಪಾರದಲ್ಲಿರುವವರು ಸಂಶಯಪಡಬೇಕಿತ್ತು. ದಾಜಿಬಾನ ಪೇಟೆಯಲ್ಲಿ ಸೀರೆಗೆ ಹೊಂದುವ ಕುಪ್ಪಸದ ಕಣ ಕೊಳ್ಳಲು ಹೋದ ಯಾವ ಹೆಣ್ಣುಮಗಳೂ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಿ ದುಡ್ಡು ಎಣಿಸುವುದಿಲ್ಲ. ಸೀರೆಯನ್ನೂ ಕಣವನ್ನೂ ಹೊಸ್ತಿಲಿನಾಚೆಗೆ ಒಯ್ದು, ಬಿಸಿಲಿಗೆ ಹಿಡಿದು, ಆಮೇಲೆ ಹೂಂ ಎನ್ನುತ್ತಾಳೆ. ಒಳಗೆ ಒಂದೇ ಆಗಿ ಕಂಡ ಎರಡು ಬಣ್ಣಗಳು ಹೊರಗೆ ಬೇರೆಬೇರೆಯಾಗುವುದು, ಒಂದೇ ಬಣ್ಣ ಬೆಳಕು ಬದಲಾದಂತೆ ಬೇರೆಯಾಗಿ ಕಾಣುವುದು ನಮ್ಮ ಕಸುಬಿನ ನಿತ್ಯದ ತೊಡಕು. ಇಷ್ಟು ತಿಳಿದ ನಾವೇ ಸಿನಿಮಾ ಪರದೆಯನ್ನು ಹಗಲಿನ ಬೆಳಕೆಂದು ನಂಬಿದೆವು.

ಆ ಚಿತ್ರದ ಹೊರಾಂಗಣದ ಹಿಮದ ದೃಶ್ಯಗಳನ್ನು 1979ರ ಮಾರ್ಚ್‌ನಲ್ಲಿ ನಾರ್ವೆಯ ಫಿನ್ಸೆ ಎಂಬಲ್ಲಿ ಚಿತ್ರೀಕರಿಸಿದರು. ಅದು ಓಸ್ಲೋ ಮತ್ತು ಬರ್ಗೆನ್ ನಡುವಣ ರೈಲು ಮಾರ್ಗದಲ್ಲಿ, 1,222 ಮೀಟರ್ ಎತ್ತರದಲ್ಲಿರುವ ನಿಲ್ದಾಣ. ಹಿಮ ತಾನಾಗಿ ಬಿಳಿಯಾದರೂ ನೆರಳಿನಲ್ಲಿರುವ ಹಿಮದ ಮೇಲೆ ಬೀಳುವುದು ಸೂರ್ಯನ ನೇರ ಬೆಳಕಲ್ಲ, ಆಕಾಶದ ನೀಲಿ ಬೆಳಕು. ಅದೇ ಬೆಳಕು ಪಕ್ಕದಲ್ಲಿ ನಿಂತವರ ಅರಿವೆಯ ಮೇಲೂ ಬೀಳುತ್ತದೆ. ಇನ್ನೊಂದು ಸಂಗತಿಯೆಂದರೆ, ಆ ಕಾಲದ ಸಿನಿಮಾ ನೆಗೆಟಿವ್ ಫಿಲ್ಮ್ ಸಾಮಾನ್ಯವಾಗಿ ಸ್ಟುಡಿಯೋ ಬಲ್ಬುಗಳ ಹಳದಿ ಬೆಳಕಿಗೆ ಹೊಂದಿಸಿದ್ದಾಗಿರುತ್ತಿತ್ತು. ಹೊರಗೆ ಬಳಸುವಾಗ ಲೆನ್ಸಿಗೆ ಕಿತ್ತಳೆ ಬಣ್ಣದ ಫಿಲ್ಟರ್ ಹಾಕಿ ಸರಿದೂಗಿಸಬೇಕಿತ್ತು, ಉಳಿದದ್ದನ್ನು ಪ್ರಯೋಗಾಲಯದಲ್ಲಿ ಪ್ರಿಂಟ್ ಹಾಕುವಾಗ ತಿದ್ದಬೇಕಿತ್ತು. ಚಳಿ ಚಳಿಯಾಗಿಯೇ ಕಾಣಲಿ ಎಂದು ದೃಶ್ಯವನ್ನು ನೀಲಿಯ ಕಡೆಗೆ ಒಂದಿಷ್ಟು ಬಾಗಿಸಿದರೂ ಸಾಕು, ಮಂಕಾದ ಕಂದು ತನ್ನ ಕೆಂಪನ್ನು ಕಳೆದುಕೊಂಡು ನೀಲಿಯ ಪಾಲಾಗುತ್ತದೆ.

ಓದಿದ್ದನ್ನು ಓದಿದಷ್ಟಕ್ಕೇ ಬಿಡದೆ ನಾವೂ ಪರೀಕ್ಷಿಸಿದೆವು. ಬೆಳಗಿನ ಹೊತ್ತು ಕಾರ್ಯಾಗಾರದ ಮಾಳಿಗೆ ಹತ್ತಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ಬಿಳಿ ಧೋತರ ಹಾಸಿ, ಅದರ ಮೇಲೆ ಮಣ್ಣುಗಂದು ಅರಿವೆಯ ಒಂದು ತುಂಡು ಇಟ್ಟು, ಕ್ಯಾಮೆರಾವನ್ನು ಬಲ್ಬಿನ ಬೆಳಕಿಗೆ ಹೊಂದಿಸಿ ಫೋಟೋ ತೆಗೆದೆವು. ಧೋತರ ನೀಲಿ ಹೆಚ್ಚಾಗಿ ಒಣಗಿದ ಧೋತರದಂತೆ ಬಂತು. ಅರಿವೆಯನ್ನು ನಮ್ಮ ಕಟಿಂಗ್ ಮಾಸ್ತರರಿಗೆ ತೋರಿಸದೆ ಫೋಟೋ ಮಾತ್ರ ಕೊಟ್ಟು ಯಾವ ಬಣ್ಣ ಎಂದು ಕೇಳಿದಾಗ ಅವರು ತಡವರಿಸದೆ ‘ಬೂದಿನೀಲಿ’ ಎಂದರು. ನಂತರ ಅರಿವೆಯನ್ನು ಅವರ ಕೈಗೆ ಕೊಟ್ಟೆವು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಏನೂ ಹೇಳದೆ ಮೇಜಿನ ಮೇಲಿದ್ದ ನೀಲಿ ಥಾನನ್ನು ಸುತ್ತಿ ಬದಿಗಿಟ್ಟರು. ನಮ್ಮ ಸಹಕಾರಿಯಲ್ಲಿ ಈ ನಿರ್ಣಯ ಆದದ್ದು ಆ ಗಳಿಗೆಯಲ್ಲಿ. ಸಭೆಯ ನಡಾವಳಿ ಪುಸ್ತಕಕ್ಕೆ ಅದು ವಾರದ ನಂತರ ಬಂತು.

ಆ ಚಿತ್ರದ ವಸ್ತ್ರವಿನ್ಯಾಸಕರಾದ ಜಾನ್ ಮೊಲ್ಲೊ ಸೈನಿಕ ಸಮವಸ್ತ್ರಗಳ ಇತಿಹಾಸವನ್ನು ಆಳವಾಗಿ ಬಲ್ಲವರಾಗಿದ್ದರು. ಕೊಲ್ಲಾಪುರದಲ್ಲಿ ಹುಟ್ಟಿದ ಭಾನು ಅಥೈಯಾ ಅವರು 1982ರ ‘ಗಾಂಧಿ’ ಚಿತ್ರಕ್ಕಾಗಿ ಆಸ್ಕರ್ ಪಡೆದಾಗ ಆ ಪ್ರಶಸ್ತಿಯನ್ನು ಹಂಚಿಕೊಂಡವರು ಇವರೇ. ಸಮವಸ್ತ್ರ ಬಲ್ಲವರ ಕೈಯಿಂದ ಬಂದ ಉಡುಪನ್ನು ಅಂದಾಜಿನಲ್ಲಿ ಹೊಲಿಯುವುದು ಸಲ್ಲದೆಂದು ನಮಗೆ ಅನಿಸಿದ್ದಕ್ಕೆ ಊರಿನದೇ ಇನ್ನೊಂದು ಕಾರಣವೂ ಇದೆ. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ಅಲ್ಲಿ ಉದ್ದ ಅಗಲದ 3:2 ಪ್ರಮಾಣ, ಚಕ್ರದ 24 ಅರಗಳು ಮಾತ್ರವಲ್ಲ, ಕೇಸರಿ ಎಷ್ಟು ಕೇಸರಿಯಾಗಿರಬೇಕು ಎಂಬುದನ್ನೂ ಮಾನಕದ ಪ್ರಕಾರ ಪರೀಕ್ಷಿಸುತ್ತಾರೆ. ಸಿನಿಮಾ ಜಾಕೆಟನ್ನು ಧ್ವಜಕ್ಕೆ ಹೋಲಿಸುವ ಉದ್ಧಟತನ ನಮಗಿಲ್ಲ. ಬಣ್ಣವೂ ಅಳತೆಯೇ ಎಂಬ ಪಾಠ ಇಷ್ಟು ಹತ್ತಿರದಲ್ಲಿದ್ದೂ ನಾವು ಟೇಪು ಹಿಡಿದು ತೋಳಿನ ಉದ್ದವನ್ನಷ್ಟೇ ಅಳೆಯುತ್ತಿದ್ದೆವಲ್ಲ ಎಂಬ ಸಂಕೋಚವಿದೆ.

ಬಣ್ಣ ನಿಶ್ಚಯವಾದ ಮೇಲೆ ಅರಿವೆ ಸಿದ್ಧವಾಗಲು ತಡವಾಯಿತು. ಮುಂಗಡ ಕೊಟ್ಟ ಕೆಲವರಿಗೆ ಹೇಳಿದ ದಿನಕ್ಕೆ ಜಾಕೆಟ್ ಸಿಗದಿರುವುದಕ್ಕೆ ಇದೇ ಕಾರಣ. ನಾವು ಕೊಟ್ಟ ಮಾದರಿ ತುಂಡನ್ನು ಬಣ್ಣ ಹಾಕುವವರು ತಮ್ಮ ಟ್ಯೂಬ್‌ಲೈಟಿನ ಕೆಳಗೇ ಹೊಂದಿಸಿ ನೋಡಿದ್ದರಿಂದ ಮೊದಲ ಕಂತು ಹೊಸ ಇಟ್ಟಂಗಿಯ ಬಣ್ಣದಲ್ಲಿ ಬಂತು. ಅದನ್ನು ಮರಳಿಸಿದೆವು. ಎರಡನೆಯ ಸಲ ನಮ್ಮವರೇ ಇಬ್ಬರು ಹೋಗಿ, ಒದ್ದೆ ಅರಿವೆಯ ಬಣ್ಣ ಯಾವಾಗಲೂ ಗಾಢವಾಗಿ ಕಾಣುವುದರಿಂದ ಪ್ರತಿ ಮಾದರಿಯನ್ನೂ ಪೂರ್ತಿ ಒಣಗಿಸಿ, ಹೊರಗೆ ತಂದು, ಹಗಲಿನಲ್ಲಿ ನೋಡಿ ಒಪ್ಪಿದ್ದಾರೆ. ಈಗ ಬಂದಿರುವ ಬಣ್ಣವನ್ನು ಮಾತಿನಲ್ಲಿ ಹೇಳುವುದಾದರೆ, ಸಕ್ಕರೆ ಉದುರಿಸದ ಧಾರವಾಡ ಪೇಡೆಗಿಂತ ಒಂದು ಪಟ್ಟು ಮಂಕು. ಹೀಗೆ ಬರೆದರೆ ಸಾಲದೆಂದು ನಮಗೆ ಗೊತ್ತು. ಆದ್ದರಿಂದ ಈ ಪತ್ರದೊಂದಿಗೆ ಎರಡು ಬೆರಳಗಲದ ಒಂದು ತುಂಡನ್ನು ಲಗತ್ತಿಸಿದ್ದೇವೆ. ದಯವಿಟ್ಟು ಅದನ್ನು ಕಿಟಕಿಯ ಬಳಿ ಹಿಡಿದು ನೋಡಿರಿ, ಮೊಬೈಲಿನಲ್ಲಿ ಫೋಟೋ ತೆಗೆದು ನಿರ್ಣಯಿಸಬೇಡಿರಿ.

ಬಣ್ಣದ ನೆಪದಲ್ಲಿ ಉಳಿದದ್ದನ್ನೂ ತಿದ್ದಿಕೊಂಡಿದ್ದೇವೆ. ಹಳೆಯ ನೈಲಾನ್ ಫೋಟೋದ ಫ್ಲ್ಯಾಷ್‌ಗೆ ಮಳೆಗಾಲದ ರೇನ್‌ಕೋಟಿನಂತೆ ಹೊಳೆಯುತ್ತಿತ್ತು. ಈಗಿನದು ಹತ್ತಿ ಬೆರೆತ, ಹೊಳಪಿಲ್ಲದ ಅರಿವೆ. ಹತ್ತಿ ಕುಗ್ಗುವುದರಿಂದ ಕತ್ತರಿಸುವ ಮೊದಲೇ ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸುತ್ತೇವೆ. ತಲೆಗವಸಿನ ತುಪ್ಪಳ ಮೊದಲಿನಂತೆಯೇ ಕೃತಕವಾದದ್ದು, ಆದರೆ ಎಳೆ ಉದ್ದ. ಅಸ್ತರದ ಒಳಗಿನ ಹತ್ತಿ ಗುಂಪುಗೂಡಿ ಜಾರುತ್ತಿದೆ ಎಂಬ ದೂರುಗಳಿದ್ದವು. ಮನೆಯಲ್ಲಿ ಕೌದಿ ಹೊಲಿದು ಗೊತ್ತಿರುವ ನಮ್ಮ ಸದಸ್ಯೆಯರು ಈಗ ಅದಕ್ಕೆ ಸಾಲುಸಾಲಾಗಿ ಒತ್ತೊತ್ತಾಗಿ ಕೈಹೊಲಿಗೆ ಹಾಕುತ್ತಿದ್ದಾರೆ. ಏಪ್ರಿಲ್ ತಿಂಗಳ ಹುಬ್ಬಳ್ಳಿಯಲ್ಲಿ ಇದನ್ನು ತೊಡುವ ಸಾಹಸ ಮಾತ್ರ ಬೇಡ.

ಈಗಾಗಲೇ ನೀಲಿ ಜಾಕೆಟ್ ಇರುವವರಲ್ಲಿ ಒಂದು ವಿನಂತಿ. ತಾವು ಮೋಸಹೋಗಿಲ್ಲ, ಪರದೆಯ ಮೇಲೆ ಕಾಣುವುದು ಬೇಕೆನ್ನುವವರಿಗೆ ನೀಲಿ ಈಗಲೂ ಸರಿಯೇ, ಹಾಗೆ ಕೇಳಿದವರಿಗೆ ಉಳಿದಿರುವ ಥಾನು ಮುಗಿಯುವವರೆಗೆ ನೀಲಿಯಲ್ಲಿಯೂ ಹೊಲಿದು ಕೊಡುತ್ತೇವೆ. ಕಂದು ಬೇಕೆನ್ನುವವರು ಹಳೆಯ ಜಾಕೆಟ್ ತಂದುಕೊಟ್ಟರೆ ಅಸ್ತರ, ತುಪ್ಪಳ, ಜಿಪ್ಪುಗಳನ್ನು ಬಿಚ್ಚಿ ಉಳಿಸಿಕೊಂಡು, ಮೇಲಿನ ಅರಿವೆಯನ್ನಷ್ಟೇ ಹೊಸದಾಗಿ ಹೊಲಿಯುತ್ತೇವೆ. ಇದಕ್ಕೆ ಅರಿವೆಯ ಅಸಲು ಬೆಲೆ ಮಾತ್ರ ಪಡೆಯುತ್ತೇವೆ, ಹೊಲಿಗೆಯ ಕೂಲಿ ಸಹಕಾರಿಯ ಲೆಕ್ಕಕ್ಕೆ. ಬಿಚ್ಚಿದ ನೀಲಿ ಅರಿವೆ ತಮ್ಮದೇ. ಬೇಡವೆಂದರೆ ಅದು ಕೌದಿಯ ತುಂಡುಗಳ ಬುಟ್ಟಿಗೆ ಹೋಗುತ್ತದೆ. ಮುಂಗಡ ಕೊಟ್ಟವರು ಯಾವ ಬಣ್ಣವೆಂದು ತಿಳಿಸಬೇಕು, ಅವರಿಗೆ ಒಪ್ಪಿದ ಹಳೆಯ ದರವೇ ಅನ್ವಯಿಸುತ್ತದೆ. ಹೊಸ ಬೇಡಿಕೆಗಳಿಗೆ ದರ ಸ್ವಲ್ಪ ಏರಿದೆ, ಏಕೆಂದರೆ ಸಣ್ಣ ಕಂತಿನಲ್ಲಿ ಬಣ್ಣ ಹಾಕಿಸುವುದು ದುಬಾರಿ.

ಮೊದಲಿನಂತೆ ಈಗಲೂ ನಾವು ಚಿತ್ರದ ಹೆಸರನ್ನಾಗಲಿ ಲಾಂಛನವನ್ನಾಗಲಿ ಜಾಕೆಟ್ಟಿನ ಮೇಲೆ ಹಾಕುವುದಿಲ್ಲ. ಹಾಕಿಕೊಡಿರೆಂದು ಒತ್ತಾಯಿಸಬಾರದಾಗಿ ಕೋರುತ್ತೇವೆ.

ಮೇ, ಜೂನ್ ತಿಂಗಳುಗಳಲ್ಲಿ ಶಾಲೆಗಳ ಸಮವಸ್ತ್ರದ ಕೆಲಸವಿರುವುದರಿಂದ ಜಾಕೆಟ್ಟಿಗೆ ಕೈ ಹಾಕಲಾಗುವುದಿಲ್ಲ. ಬದಲಾವಣೆಗೆ ಕೊಡುವವರು ಆ ಮೊದಲೇ, ಹಳೆಯ ರಸೀದಿಯೊಂದಿಗೆ, ಜಾಕೆಟನ್ನು ಒಗೆದು ತಂದುಕೊಡಬೇಕು. ರಸೀದಿ ಕಳೆದಿದ್ದರೆ ಒಳಜೇಬಿನ ಮಡಿಕೆಯಲ್ಲಿ ಮಾಸ್ತರರು ಕೆಂಪು ದಾರದಲ್ಲಿ ಹೊಲಿದ ಸಂಖ್ಯೆ ಇರುತ್ತದೆ. ಅದನ್ನು ತಿಳಿಸಿದರೂ ನಡೆಯುತ್ತದೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಸಹಕಾರಿಯ ಎಲ್ಲ ಸದಸ್ಯರ ಪರವಾಗಿ)