ಕಫದ ಸಿರಪ್: ದದ್ದು ಕಂಡರೆ ಕಡೆಗಣಿಸದಿರಿ

ಮಾನ್ಯ ಸಂಪಾದಕರೇ,

ಕೆಮ್ಮು ಶುರುವಾದೊಡನೆ ವೈದ್ಯರ ಚೀಟಿಯಿಲ್ಲದೆಯೇ ಕಫ ಕರಗಿಸುವ ಸಿರಪ್ ಕೊಂಡು ಮನೆಮಂದಿಗೆಲ್ಲ ಕುಡಿಸುವ ನಮ್ಮ ರೂಢಿ ಆತಂಕ ಹುಟ್ಟಿಸುತ್ತದೆ. ಇವುಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಆಂಬ್ರಾಕ್ಸಾಲ್ ಮತ್ತು ಬ್ರೋಮ್‌ಹೆಕ್ಸಿನ್‌ಗಳಿಂದ ಹೆಚ್ಚಿನವರಿಗೆ ವಾಕರಿಕೆ, ಭೇದಿ, ಬಾಯಿ ಜೋಮು ಹಿಡಿಯುವುದಕ್ಕಿಂತ ದೊಡ್ಡ ತೊಂದರೆಯಾಗುವುದಿಲ್ಲ, ನಿಜ. ಆದರೆ 2015ರಲ್ಲಿ ಇವುಗಳನ್ನು ಪರಿಶೀಲಿಸಿದ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು, ತೀರಾ ಅಪರೂಪಕ್ಕಾದರೂ ತೀವ್ರ ಅಲರ್ಜಿ ಹಾಗೂ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್‌ನಂತಹ, ಚರ್ಮ ಗುಳ್ಳೆಯೆದ್ದು ಸುಲಿದುಹೋಗುವ ಗಂಭೀರ ಪ್ರತಿಕ್ರಿಯೆ ಉಂಟಾಗಬಹುದೆಂಬ ಎಚ್ಚರಿಕೆಯನ್ನು ಔಷಧದ ಮಾಹಿತಿಪತ್ರದಲ್ಲಿ ಸೇರಿಸಬೇಕೆಂದು ಶಿಫಾರಸು ಮಾಡಿತು. ಇದು ಜ್ವರ, ಮೈಕೈನೋವು, ಗಂಟಲುನೋವಿನಿಂದಲೇ ಆರಂಭವಾಗುವುದರಿಂದ, ನೆಗಡಿ ಜೋರಾಯಿತೆಂದು ಭಾವಿಸಿ ಇನ್ನೊಂದು ಮುಚ್ಚಳ ಸಿರಪ್ ಕುಡಿಸುವ ಅಪಾಯವಿದೆ. ಮೈಮೇಲೆ ದದ್ದು ಅಥವಾ ಬಾಯೊಳಗೆ ಹುಣ್ಣು ಕಂಡ ಕೂಡಲೇ ಔಷಧ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ನಮ್ಮಲ್ಲಿ ಸಿಗುವ ಹಲವು ಬಾಟಲಿಗಳಲ್ಲಿ ಶ್ವಾಸನಾಳ ಹಿಗ್ಗಿಸುವ ಟರ್ಬ್ಯುಟಲಿನ್ ಅಥವಾ ಸಾಲ್ಬ್ಯುಟಮಾಲ್ ಕೂಡ ಬೆರೆತಿರುತ್ತದೆ. ಕೈನಡುಕ, ಎದೆಬಡಿತ ತರುವ ಇವು ಹೃದ್ರೋಗಿಗಳಿಗೂ ಥೈರಾಯ್ಡ್ ಹೆಚ್ಚಿರುವವರಿಗೂ ತಕ್ಕವಲ್ಲ. ಒಣಕೆಮ್ಮು ಅಡಗಿಸುವ ಔಷಧವನ್ನು ಜೊತೆಗೆ ಕೊಟ್ಟರೆ, ಸಡಿಲಗೊಂಡ ಕಫ ಹೊರಬರಲಾಗದೆ ಎದೆಯಲ್ಲೇ ಉಳಿಯಬಹುದು. ಎರಡು ವರ್ಷದೊಳಗಿನ ಮಕ್ಕಳಿಗಂತೂ ವೈದ್ಯರನ್ನು ಕೇಳದೆ ಇವನ್ನು ಕೊಡಲೇಬಾರದು.

ಇಷ್ಟನ್ನೂ ಇಂಗ್ಲಿಷಿನ ಸಾಸಿವೆಯಷ್ಟು ಅಕ್ಷರಗಳಲ್ಲಿ ಮುದ್ರಿಸಿದರೆ ಹಳ್ಳಿಯ ತಾಯಿ ಓದುವುದಾದರೂ ಹೇಗೆ? ಎಚ್ಚರಿಕೆಯ ಮಾತುಗಳು ಲೇಬಲ್ಲಿನ ಮೇಲೆ ಕನ್ನಡದಲ್ಲಿರುವಂತೆ ಸರ್ಕಾರ ನೋಡಿಕೊಳ್ಳಬೇಕು. ಅಡ್ಡಪರಿಣಾಮ ಕಂಡವರು ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ಕರೆ ಮಾಡಿ ತಿಳಿಸಬಹುದೆಂಬುದನ್ನು ಪ್ರತಿ ಔಷಧ ಅಂಗಡಿಯ ಮುಂದೆಯೂ ಬರೆಸಬೇಕು.

– ಓದುಗ, ಹಾಸನ