ಮಂಗನ ತಪ್ಪಿಗೆ ಬಾವಲಿಗೆ ಶಿಕ್ಷೆ ಯಾಕೆ?

ಸಂಪಾದಕರೇ,

ನಮ್ಮ ತೋಟದ ಬೇಲಿಯಂಚಿಗೆ ಒಂದು ಹಳೇ ಬಸರಿ ಮರವಿದೆ. ಹಗಲೆಲ್ಲ ಅದರ ತುಂಬ ದೊಡ್ಡ ಬಾವಲಿಗಳು ಜೋತಾಡುತ್ತವೆ. ‘ಮಂಗ, ಬಾವಲಿ ಎರಡೂ ಒಂದೇ ಜಾತಿ ಕಳ್ಳರು, ಮರ ಕಡಿಸಿಬಿಡಿ’ ಅಂತ ಪಕ್ಕದ ತೋಟದವರು ಹಟ ಹಿಡಿದಿದ್ದಾರೆ.

ಹೋದ ಡಿಸೆಂಬರಿನಲ್ಲಿ ನೋಡಿದ್ದು ಹೇಳುತ್ತೇನೆ. ಬೈತಲೆ ತೆಗೆದ ಹಾಗೆ ತಲೆಗೂದಲಿರುವ ನಮ್ಮ ಮಾಮೂಲಿ ಮಂಗ ಅರೇಬಿಕಾ ಕಾಫಿ ಗಿಡದ ಮೇಲೆ ಕೂತು, ಹಣ್ಣು ಬಾಯಿಗೆ ತುರುಕಿ, ಸಿಹಿ ಚೀಪಿ, ಬೀಜ ಉಗಿದು, ಕೆನ್ನೆ ಉಬ್ಬಿಸಿಕೊಂಡೇ ಮುಂದಿನ ಗಿಡಕ್ಕೆ ಹಾರಿತು. ಕೂತಿದ್ದ ಕೊಂಬೆ ಸೀಳಿ ಬಿತ್ತು. ಮುಂದಿನ ವರ್ಷದ ಫಸಲೂ ಅದರ ಜೊತೆಗೇ ಹೋಯಿತು. ಎಳೆ ಏಲಕ್ಕಿ, ಬಲಿಯದ ಬಾಳೆಗೊನೆ ಯಾವುದನ್ನೂ ಅದು ಬಿಡುವುದಿಲ್ಲ.

ಬಾವಲಿಗೆ ಹಣ್ಣು ಚೆನ್ನಾಗಿ ಕಳಿತಿರಬೇಕು. ಸೀಬೆ, ಸಪೋಟ ಬೆಳೆದವರಿಗೆ ನಷ್ಟ ಇದೆ, ಬಲೆ ಹಾಕಬೇಕು, ನಿಜ. ಆದರೆ ಅದು ಅತ್ತಿ, ಬಸರಿ, ಆಲದ ಹಣ್ಣನ್ನೂ ತಿನ್ನುತ್ತದೆ. ರಸ ಹೀರಿ ನಾರನ್ನು ಉಂಡೆ ಮಾಡಿ ಉಗಿಯುತ್ತದೆ, ಹೊಟ್ಟೆಗೆ ಹೋದ ಸಣ್ಣ ಬೀಜಗಳು ಎಲ್ಲೋ ದೂರದಲ್ಲಿ ಬೀಳುತ್ತವೆ. ನಮ್ಮ ಕಾಫಿಗೆ ನೆರಳಾಗಿರುವ ಅತ್ತಿ, ಬಸರಿಗಳನ್ನೆಲ್ಲ ಯಾರು ನೆಟ್ಟರು ಅಂದುಕೊಂಡಿದ್ದೀರಿ? ಮಂಗವೂ ಬೀಜ ಹರಡುತ್ತದೆ, ಸುಳ್ಳು ಹೇಳಬಾರದು.

‘ಒಂದೇ ಜಾತಿ’ ಅಂದಿದ್ದಕ್ಕೆ ಮಾತ್ರ ನಗು ಬಂತು. ಜೀವಿಗಳನ್ನು ಗುಂಪು ಗುಂಪಾಗಿ ವಿಂಗಡಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲೇ ಮನುಷ್ಯ, ಮಂಗ, ಬಾವಲಿಗಳನ್ನು ಒಂದೇ ಗುಂಪಿಗೆ ಹಾಕಿದ್ದ! 1986ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಪೆಟಿಗ್ರೂ, ದೊಡ್ಡ ಬಾವಲಿಯ ಕಣ್ಣಿನಿಂದ ಮಿದುಳಿಗೆ ಹೋಗುವ ನರಗಳು ಮಂಗದ ನರಗಳಂತೆಯೇ ಇವೆ, ಇವು ನೆಂಟರೇ ಇರಬೇಕು ಎಂದರು. ಆಮೇಲೆ ಡಿಎನ್‌ಎ ನೋಡಿದರೆ ಹತ್ತಿರದ ನಂಟೇನೂ ಇಲ್ಲ. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ, ಅದನ್ನೂ ಎದೆಗೆ ಕಚ್ಚಿಸಿಕೊಂಡೇ ತಿರುಗುವುದು, ಇಷ್ಟರಲ್ಲಿ ಮಾತ್ರ ಎರಡೂ ಒಂದೇ.

2018ರಲ್ಲಿ ಕೇರಳದಲ್ಲಿ ಬಾವಲಿಯಿಂದ ಹರಡುವ ನಿಪಾ ಕಾಯಿಲೆ ಬಂದಾಗಿನಿಂದ ಬಾವಲಿ ಅಂದರೆ ಜನಕ್ಕೆ ಭಯ. ಅದು ಕಚ್ಚಿದ ಹಣ್ಣು ತಿನ್ನಬೇಡಿ, ಮರದ ಕೆಳಗೆ ಮಕ್ಕಳನ್ನು ಆಡಲು ಬಿಡಬೇಡಿ. 1957ರಿಂದ ಮಂಗನ ಕಾಯಿಲೆ ಜೊತೆ ಬದುಕುತ್ತಿರುವ ಮಲೆನಾಡಿನವರು ನಾವು, ಇಷ್ಟು ಎಚ್ಚರ ಗೊತ್ತಿಲ್ವಾ?

ಹಣ್ಣು ತಿನ್ನುವ ಬಾವಲಿಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇಲಿ, ಕಾಗೆ ಜೊತೆ ಉಪದ್ರವಿಗಳ ಪಟ್ಟಿಗೆ ಸೇರಿಸಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಪೇಟೆಯಲ್ಲಿ ಹಿಡಿದ ಮಂಗಗಳನ್ನು ರಾತ್ರೋರಾತ್ರಿ ವ್ಯಾನಿನಲ್ಲಿ ತಂದು ನಮ್ಮ ತೋಟದ ಬುಡದಲ್ಲಿ ಬಿಟ್ಟು ಹೋಗುತ್ತಾರಲ್ಲ, ಮೊದಲು ಅದನ್ನು ಯಾರಾದರೂ ನಿಲ್ಲಿಸಲಿ. ಬಸರಿ ಮರ ನಾನು ಕಡಿಸುವುದಿಲ್ಲ.

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು