ಗಾಂಧಿ ಮೈದಾನದಲ್ಲಿ ನೆರವಾದವರಿಗೆ ಕೃತಜ್ಞತೆ

ಶುದ್ಧ ಇಂಧನಕ್ಕೆ ಆಗ್ರಹಿಸಿ ಮಡಿಕೇರಿಯ ಗಾಂಧಿ ಮೈದಾನದಲ್ಲಿ ನಡೆದ ರಾಜಕೀಯ ಸಮಾವೇಶಕ್ಕೆ ಕಿವಿ ಮಂದವಾಗಿರುವ ನನ್ನ ತಂದೆಯವರೊಂದಿಗೆ ಬಂದಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ತಾವು ತೋರಿದ ಸೌಜನ್ಯಕ್ಕೆ, ಹೆಸರು ಕೇಳುವಷ್ಟರಲ್ಲಿ ತಾವು ಹೊರಟುಹೋದ ಕಾರಣ, ಇಲ್ಲಿಯೇ ವಂದನೆ ಸಲ್ಲಿಸುತ್ತಿದ್ದೇನೆ.

ಧ್ವನಿವರ್ಧಕದ ಅಬ್ಬರದಲ್ಲಿ ತಂದೆಯವರಿಗೆ ಒಂದು ಮಾತೂ ತಿಳಿಯುತ್ತಿಲ್ಲವೆಂಬುದನ್ನು ಗಮನಿಸಿ, ತಾವು ಕರಪತ್ರದ ಹಿಂಬದಿಯಲ್ಲಿ ಭಾಷಣದ ಸಾರವನ್ನು ದಪ್ಪ ಅಕ್ಷರಗಳಲ್ಲಿ ಬರೆಯುತ್ತಾ ಹೋದಿರಿ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕಿನ ಪ್ರಸ್ತಾಪಕ್ಕಿಂತ, 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಡಿ ಮನೆಯ ಚಾವಣಿಯ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆಯೆಂಬ ಸಾಲು ಅವರಿಗೆ ಹೆಚ್ಚು ಹಿಡಿಸಿತು. ಮಳೆಗಾಲದಲ್ಲಿ ಏನು ಗತಿ ಎಂದು ಅವರು ಕೇಳಿದಾಗ (ಕೊಡಗಿನವರು ಕೇಳಲೇಬೇಕಾದ ಪ್ರಶ್ನೆಯದು), ಮೋಡವಿದ್ದಾಗ ಉತ್ಪಾದನೆ ಕುಸಿಯುತ್ತದೆ, ಬಿಸಿಲಿದ್ದಾಗ ಮಿಕ್ಕ ವಿದ್ಯುತ್ತು ಗ್ರಿಡ್‌ಗೆ, ಅಂದರೆ ಸಾರ್ವಜನಿಕ ವಿದ್ಯುತ್ ಜಾಲಕ್ಕೆ, ಹೋಗಿ ನಮ್ಮ ಬಿಲ್ಲಿನ ಲೆಕ್ಕಕ್ಕೆ ಸೇರುತ್ತದೆ ಎಂದು ಮುಚ್ಚುಮರೆಯಿಲ್ಲದೆ ಬರೆದಿರಿ. ವೇದಿಕೆಯ ಮೇಲಿದ್ದವರೂ ಇದನ್ನು ಅಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

2018ರ ಭೂಕುಸಿತವನ್ನು ಕಂಡ ಜಿಲ್ಲೆಯಲ್ಲಿ ಹವಾಮಾನದ ಮಾತು ಹಿರಿಯರಿಗೂ ತಲುಪಬೇಕು. ಅದಕ್ಕಾಗಿ ತಾವು ವಹಿಸಿದ ಶ್ರಮ ದೊಡ್ಡದು. ತಂದೆಯವರು ಆ ಕರಪತ್ರವನ್ನು ವಿದ್ಯುತ್ ಬಿಲ್ಲುಗಳ ಜೊತೆ ಇಟ್ಟುಕೊಂಡು, ವಿದ್ಯುತ್ ಸರಬರಾಜು ಸಂಸ್ಥೆಯಾದ ಸೆಸ್ಕ್‌ನ ಕಚೇರಿಯಲ್ಲಿ ವಿಚಾರಿಸಲು ಸಿದ್ಧರಾಗಿದ್ದಾರೆ. ತಮಗೆ ನಮ್ಮಿಬ್ಬರ ಹೃತ್ಪೂರ್ವಕ ಧನ್ಯವಾದಗಳು.